ಸದ್ದಿಲ್ಲದ ಅರ್ಧ ತಾಸು

ನಾನು ಒಂದು ಕಂಪ್ಯೂಟರ್. ಮಡಚಿ ಚೀಲದಲ್ಲಿ ಹಾಕಿಕೊಂಡು ಹೋಗುವ ಈಗಿನ ತೆಳ್ಳಗಿನ ಜಾತಿಗೆ ಸೇರಿದ್ದಲ್ಲ. ಅರ್ಧ ಮೇಜನ್ನು ನುಂಗುವ ದೊಡ್ಡ ಹೊಟ್ಟೆಯ ಹಳೆಯ ಜಾತಿ. ಸಮುದ್ರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನೀಲಿ ಟೊಪ್ಪಿಗೆಯ ಹುಡುಗಿಯೊಬ್ಬಳು ನನ್ನ ಬೆನ್ನಿನ ಕೊನೆಯ ಸ್ಕ್ರೂ ಬಿಗಿದು ಸ್ವಿಚ್ ಒತ್ತಿದಳು, ನಾನು ಕಣ್ಣು ಬಿಟ್ಟೆ. ಮೊದಲು ಕಂಡದ್ದು ಅವಳ ಆಕಳಿಕೆ. ಬೆಳಗಿನಿಂದ ನನ್ನಂಥ ಎಷ್ಟನ್ನು ಎಬ್ಬಿಸಿದ್ದಳೋ, ಪಾಪ!

ನನ್ನ ಮೊದಲ ಯಜಮಾನರು ಹುಬ್ಬಳ್ಳಿಯ ಫೋಟೋ ಸ್ಟುಡಿಯೋದ ವಿಠ್ಠಲಸಾ ಹಬೀಬ. ಅಲ್ಲಿ ನನ್ನದು ಮುಖಗಳ ಕೆಲಸ. ಮದುಮಕ್ಕಳ ಕೆನ್ನೆಯ ಮೊಡವೆ ಅಳಿಸುವುದು, ಬಿಸಿಲಿಗೆ ಕಪ್ಪಾದವರನ್ನು ಬೆಳ್ಳಗೆ ಮಾಡುವುದು, ಮದುವೆಯಾದ ಮೇಲೆ ಜಗಳವಾಡಿದ ಬೀಗರನ್ನು ಆಲ್ಬಮ್ಮಿನಿಂದ ತೆಗೆದುಹಾಕುವುದು. ಒಮ್ಮೆ ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಬಾಯಿ ತೆರೆದು ನಿಂತಿದ್ದ ಸೋದರಮಾವನೊಬ್ಬನ ಬಾಯಿ ಮುಚ್ಚಿಸಲು ನಮಗೆ ಇಡೀ ಮಧ್ಯಾಹ್ನ ಹಿಡಿಯಿತು. ಆ ದಿನಗಳಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. ಮುಖ ನೋಡಿದರೆ ಮನಸ್ಸಿನಲ್ಲಿ ಏನಿದೆ ಎಂದು ಸುಮಾರಾಗಿ ಹೇಳಬಲ್ಲೆ.

ಕೆಲವು ವರ್ಷಗಳಲ್ಲಿ ಹೊಸ ಯಂತ್ರ ಬಂತು. ವಿಠ್ಠಲಸಾ ಅವರಿಗೆ ನನ್ನನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ತಮ್ಮ ಹುಟ್ಟೂರಾದ ಹೊಸಹೊಳಿಯ ಸಾರ್ವಜನಿಕ ಗ್ರಂಥಾಲಯಕ್ಕೆ ನನ್ನನ್ನು ದಾನ ಕೊಟ್ಟರು. ಕೊಡುವ ಮುಂಚೆ ನನ್ನ ತಲೆಯ ಮೇಲೆ ಒಂದು ಸಣ್ಣ ಕ್ಯಾಮೆರಾ ಸಿಕ್ಕಿಸಿದರು, ಹಣೆಯ ಮೇಲೆ ಬಿಳಿ ಬಣ್ಣದಲ್ಲಿ ‘ದಿವಂಗತ ಅಂಬುಬಾಯಿ ಹಬೀಬ ಇವರ ಸ್ಮರಣಾರ್ಥ’ ಎಂದು ಬರೆಸಿದರು. ಅವರ ತಾಯಿಯ ಹೆಸರು ಅದು. ಊರಿನವರು ಅದನ್ನು ನನ್ನ ಹೆಸರೆಂದೇ ತಿಳಿದರು. “ಅಂಬುಬಾಯಿ ಖಾಲಿ ಅದಾಳೇನ್ರಿ?” ಎಂದು ಬಾಗಿಲಲ್ಲೇ ಕೇಳುತ್ತಿದ್ದರು. “ಇವತ್ತು ಅಂಬುಬಾಯಿಗೆ ಆರಾಮಿಲ್ಲ” ಎಂದರೆ ನಾನು ಕೆಟ್ಟಿದ್ದೇನೆ ಎಂದು ಅರ್ಥ.

ಗ್ರಂಥಪಾಲಕರ ಹೆಸರು ಹುಸೇನಸಾಬ್ ನದಾಫ. ಎಲ್ಲರ ಬಾಯಲ್ಲಿ ನದಾಫ ಸರ್. ಮೆತ್ತಗಿನ ದನಿಯ ಮನುಷ್ಯ, ಆದರೆ ನಿಯಮದ ವಿಷಯದಲ್ಲಿ ಕಲ್ಲು. ಬಾಗಿಲ ಎದುರಿಗೇ ಅವರ ಬೋರ್ಡು ತೂಗುತ್ತಿತ್ತು. ಒಬ್ಬರಿಗೆ ಎರಡೇ ಪುಸ್ತಕ, ಹದಿನೈದು ದಿನದೊಳಗೆ ಹಿಂತಿರುಗಿಸಬೇಕು. ಪುಟದ ಮೂಲೆ ಮಡಚಬಾರದು. ಎಂಜಲು ಹಚ್ಚಿ ಪುಟ ತಿರುಗಿಸಬಾರದು. ನಿಶ್ಶಬ್ದವಾಗಿರಬೇಕು. ಅವರ ಹೆಂಡತಿಯೇ ಒಂದು ಕಾದಂಬರಿಯನ್ನು ತಡ ಮಾಡಿ ತಂದಾಗ, “ಮುಂದಿನ ವಾರ ಬರ್ರಿ” ಎಂದು ಬರಿಗೈಯಲ್ಲಿ ಮನೆಗೆ ಕಳಿಸಿದವರು ಅವರು. ಆ ವಾರ ಅವರ ಊಟದ ಡಬ್ಬಿಯಲ್ಲಿ ಉಪ್ಪು ಕಡಿಮೆ ಇತ್ತೆಂದು ಗ್ರಂಥಾಲಯದಲ್ಲೆಲ್ಲ ಮಾತು.

ನಾನು ಬಂದ ದಿನವೇ ನನಗಾಗಿ ಹೊಸ ಬೋರ್ಡು ಬರೆಸಿದರು. ಒಬ್ಬರಿಗೆ ಅರ್ಧ ತಾಸು. ಸಿನಿಮಾ, ಹಾಡು ಕೂಡದು. ಮಾತು ಕೂಡದು. ಕೈ ತೊಳೆದುಕೊಂಡು ಮುಟ್ಟಬೇಕು. ಪತ್ರಿಕೆಗಳ ಮೇಜಿನ ಹತ್ತಿರ, ಕಿಟಕಿಯ ಪಕ್ಕದಲ್ಲಿ ನನ್ನನ್ನು ಕೂರಿಸಿ, ಹೂವಿನ ಚಿತ್ತಾರದ ಬಟ್ಟೆ ಹೊದಿಸಿದರು. ಪರೀಕ್ಷೆಯ ಫಲಿತಾಂಶ ನೋಡುವವರು, ನೌಕರಿಗೆ ಅರ್ಜಿ ಹಾಕುವವರು, ಪಹಣಿ ನೋಡುವವರು ನನ್ನ ಮುಂದೆ ಸಾಲಾಗಿ ಕೂರುತ್ತಿದ್ದರು.

ನನ್ನ ಖಾಯಂ ಗಿರಾಕಿ ಮಾತ್ರ ಒಬ್ಬರೇ. ಮಲ್ಲೇಶಪ್ಪ ಬೆಳವಡಿ, ನಿವೃತ್ತ ರೈಲ್ವೆ ಗಾರ್ಡು. ಇಸ್ತ್ರಿಯ ಬಿಳಿ ಅಂಗಿ, ನೆಟ್ಟಗಿನ ಬೆನ್ನು. ದಿನಾ ಸಂಜೆ ಬಂದು, ತಾವು ಹಿಂದೆ ಕೆಲಸ ಮಾಡಿದ ಗಾಡಿಗಳು ಈಗ ಎಲ್ಲಿವೆ, ಹೊತ್ತಿಗೆ ಸರಿಯಾಗಿ ಓಡುತ್ತಿವೆಯೇ ಎಂದು ನನ್ನಲ್ಲಿ ನೋಡುತ್ತಿದ್ದರು. ಗಾಡಿ ತಡವಾಗಿದ್ದರೆ ಮೀಸೆ ಕುಣಿಯುತ್ತಿತ್ತು. ಯಾರೊಂದಿಗೂ ಮಾತಿಲ್ಲ. ಯಾರಾದರೂ ನಮಸ್ಕಾರ ಎಂದರೆ ಉತ್ತರವಿಲ್ಲ. “ಭಾರೀ ಸೊಕ್ಕಿನ ಮನುಷ್ಯಾ” ಎಂದು ಜನ ಹೇಳುತ್ತಿದ್ದರು. ನನಗೂ ಹಾಗೇ ಅನಿಸಿತ್ತು. ಹುಬ್ಬಳ್ಳಿಯಲ್ಲಿ ಅಷ್ಟು ಮುಖ ತಿದ್ದಿದ್ದರೂ ಈ ಮುಖವನ್ನು ನಾನು ಸರಿಯಾಗಿ ಓದಿರಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಬಾಗಿಲಲ್ಲಿ ಕಾಶವ್ವ ಬಂದು ನಿಂತಳು. ಹಿಂದಿನ ಓಣಿಯಲ್ಲಿ ಅವಳದು ಹಿಟ್ಟಿನ ಗಿರಣಿ. ಗಂಡ ಲಾರಿ ಓಡಿಸುತ್ತ ಊರೂರು ತಿರುಗುವವನು, ಗಿರಣಿಯೆಲ್ಲ ಅವಳದೇ. ಹುಬ್ಬಿನ ಮೇಲೆ, ಕೈಯ ಮೇಲೆ, ಸೆರಗಿನ ಮೇಲೆ ಜೋಳದ ಹಿಟ್ಟು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವಳ ದನಿ ಊರಿಗೇ ದೊಡ್ಡದಾಗಿತ್ತು.

“ಸರ್ರ, ನಿಮ್ಮ ಕಂಪ್ಯೂಟರಿನ್ಯಾಗ ಮೈಸೂರಾಗ ಇರೂ ಮಗಳ ಮಾರಿ ಕಾಣ್ತದಂತ, ಖರೇ ಏನ್ರಿ?”

ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಯಾರದೋ ಕನ್ನಡಕ ಕೆಳಗೆ ಬಿತ್ತು.

“ಸಾವಕಾಶ ಮಾತಾಡ್ರಿ ಕಾಶವ್ವಾರ, ಮಂದಿ ಓದಾಕತ್ತಾರ,” ಎಂದರು ನದಾಫ ಸರ್.

“ನಾ ಸಾವಕಾಶನ ಮಾತಾಡಾಕತ್ತೇನ್ರಿ!” ಎಂದಳು ಅವಳು, ಹಂಚು ನಡುಗುವಂತೆ.

“ಮಾರಿ ಕಾಣ್ತದ್ರಿ. ಆದ್ರ ಇಲ್ಲಿ ಮಾತಾಡಾಕ ಬರೂದಿಲ್ಲ. ಅಲ್ಲಿ ಬೋರ್ಡ್ ನೋಡ್ರಿ.”

“ಮಾತು ಎಲ್ಲಿಂದ ಬರ್ಬೇಕ್ರಿ ಸರ್ರ? ನನ್ನ ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳ್ಸೂದಿಲ್ಲ.”

ನದಾಫ ಸರ್ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. ಕಾಶವ್ವ ಬೆಂಚಿನ ಮೇಲೆ ಕೂತು ಹೇಳಿದಳು. ಮಗಳ ಹೆಸರು ಭುವನಾ. ಆ ಜೂನಿನಲ್ಲಿ ಮೈಸೂರಿನ ಒಂದು ಕಿವುಡ ಮಕ್ಕಳ ಶಾಲೆಗೆ ಸೇರಿಸಿ ಬಂದಿದ್ದರು. ಅಂದಿನಿಂದ ಹುಡುಗಿಯ ಮನಸ್ಸು ಅಲ್ಲಿ ನಿಂತಿರಲಿಲ್ಲ.

“ಎಲ್ಲಾರೂ ಊರಿಗೆ ಫೋನ್ ಮಾಡ್ತಾರ್ರಿ. ಇಕಿ ಫೋನ್ ಕಿವಿಗೆ ಹಿಡ್ಕೊಂಡು ಏನ್ ಮಾಡ್ಬೇಕು? ಊಟಾ ಬಿಟ್ಟು ಗೇಟಿನ ಮುಂದ ಕುಂದರ್ತಾಳಂತ. ಹಿಂಗ ಆದ್ರ ಕರ್ಕೊಂಡು ಹೋಗ್ರಿ ಅಂತ ವಾರ್ಡನ್ ಬಾಯಿ ಹೇಳ್ಯಾರ. ನಾ ಹೋದ್ರ ನನ್ನ ಸೀರಿ ಹಿಡ್ಕೊಂಡು ಬಂದೇ ಬಿಡ್ತಾಳ. ಬಂದ್ರ ಇಲ್ಲಿ ಅಕಿಗೆ ಕಲಸವ್ರು ಯಾರ್ರಿ? ಊರ ಸಾಲ್ಯಾಗ ಕಡೀ ಬೆಂಚಿನ ಮ್ಯಾಲೆ ಕುಂತು ಗ್ವಾಡಿ ನೋಡೂದ ಆತು ಇಷ್ಟ ವರ್ಷ.”

ಮುಖ ಕಾಣುವ ಫೋನುಗಳು ಆಗಿನ್ನೂ ನಮ್ಮೂರಿನ ಕೈಗೆ ಬಂದಿರಲಿಲ್ಲ. ಶಾಲೆಯ ಆಫೀಸಿನಲ್ಲಿ ಕ್ಯಾಮೆರಾ ಇರುವ ಕಂಪ್ಯೂಟರು ಇದೆಯಂತೆ, ಶನಿವಾರ ಸಂಜೆ ಮಕ್ಕಳಿಗೆ ಬಿಟ್ಟುಕೊಡುತ್ತಾರಂತೆ. ನದಾಫ ಸರ್ ಎದ್ದುಹೋಗಿ ತಾವೇ ಬರೆಸಿದ ಬೋರ್ಡನ್ನು ಹೊಸದಾಗಿ ಓದಿದರು.

“ಮಾತು ಕೂಡದು ಅಂದ್ರ ಸದ್ದು ಕೂಡದು ಅಂತ,” ಎಂದು ತಮಗೇ ಹೇಳಿಕೊಂಡರು. ಆಮೇಲೆ ತಿರುಗಿ, “ಶನಿವಾರ ಬರ್ರಿ. ಅರ್ಧಾ ತಾಸು. ಕೈ ತೊಳ್ಕೊಂಡು ಬರ್ರಿ ಮತ್ತ,” ಎಂದರು.

ಆ ಶನಿವಾರ ನನಗೆ ಹೊಸ ಕೆಲಸ. ಅಲ್ಲಿಯವರೆಗೆ ಜನ ನನ್ನನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ, ಅಷ್ಟೇ. ಈಗ ನನಗೆ ಕಂಡದ್ದನ್ನು ಇನ್ನೊಂದು ಊರಿಗೆ ತಲುಪಿಸಬೇಕಿತ್ತು. ಬೆವರಿದೆ. ಫ್ಯಾನು ಗರಗರ ಎಂದಿತು. ಚಿತ್ರ ಒಡೆದು, ನಿಂತು, ಕೊನೆಗೆ ಮೂಡಿತು. ಎರಡು ಜಡೆ, ಇಳಿದ ಕೆನ್ನೆ. ಭುವನಾ.

ತಾಯಿಯನ್ನು ಒಮ್ಮೆ ನೋಡಿದವಳೇ ಅವಳು ಮುಖ ತಿರುಗಿಸಿ ಗೋಡೆ ನೋಡುತ್ತ ಕೂತಳು. ಕಿವಿ ಇದ್ದವರು ಸಿಟ್ಟಿನಲ್ಲಿ ಮುಖ ತಿರುಗಿಸಿದರೂ ಹಿಂದಿನಿಂದ ಮಾತಾಡಬಹುದು. ಭುವನಾ ಕಣ್ಣು ತೆಗೆದರೆ ಎಲ್ಲ ದಾರಿಯೂ ಮುಚ್ಚಿತು. ಕಾಶವ್ವ ಕೈ ಎತ್ತಿಕೊಂಡೇ ಕಾದಳು. ಊರನ್ನೇ ನಡುಗಿಸುವ ದನಿ ಅಲ್ಲಿ ಯಾವ ಉಪಯೋಗಕ್ಕೂ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲಿಲ್ಲ, ಕೈ ಇಳಿಸಬೇಕಾಗುತ್ತಿತ್ತಲ್ಲ.

ಬಹಳ ಹೊತ್ತಿನ ಮೇಲೆ ಹುಡುಗಿ ಓರೆಗಣ್ಣಿನಿಂದ ನೋಡಿದಳು. ಅಷ್ಟು ಸಾಕಿತ್ತು. ಕಾಶವ್ವನ ಕೈಗಳು ಹೊರಟವು. ತಲೆಯ ಮೇಲೆ ಎರಡು ಬೆರಳು: ಆಡು. ಅಂಗೈ ಗರಗರ ತಿರುಗಿಸಿದಳು: ಗಿರಣಿ. ಪಕ್ಕದ ಮನೆಯ ಆಡು ಗಿರಣಿಗೆ ನುಗ್ಗಿ ಹಿಟ್ಟಿನ ಡಬ್ಬಿಗೆ ಮುಖ ತೂರಿಸಿತ್ತು. ಹೊರಗೆ ಬಂದಾಗ ಬಿಳಿ ಗಡ್ಡದ ಮುದುಕ! ಅದನ್ನು ನೋಡಿ ನಾಯಿ ಓಡಿತು, ನಾಯಿಯ ಹಿಂದೆ ಆಡು ಓಡಿತು, ಆಡಿನ ಹಿಂದೆ ಕಾಶವ್ವ ಓಡಿದಳು. ಎಲ್ಲರ ಓಟವನ್ನೂ ಅವಳು ಕುರ್ಚಿಯಲ್ಲಿ ಕೂತೇ ಓಡಿ ತೋರಿಸಿದಳು. ಭುವನಾ ತುಟಿ ಕಚ್ಚಿ ತಡೆದಳು, ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. ಪತ್ರಿಕೆಗಳ ಮೇಜಿನಲ್ಲೂ ಯಾರೋ ಕಿಸಕ್ಕೆಂದರು. ಅಂದು ರಾತ್ರಿ ಹುಡುಗಿ ಹೊಟ್ಟೆ ತುಂಬ ಉಂಡಳೆಂದು ವಾರ್ಡನ್ ಬಾಯಿ ಫೋನು ಮಾಡಿ ತಿಳಿಸಿದರಂತೆ.

ಹೀಗೆ ಶನಿವಾರಗಳು ನಡೆದವು. ಭುವನಾ ಶಾಲೆಯಲ್ಲಿ ಹೊಸ ಹೊಸ ಕೈಮಾತು ಕಲಿತು, ಮನೆಯ ಸನ್ನೆ ಮಾತ್ರ ಬಲ್ಲ ತಾಯಿಗೆ ಕಲಿಸತೊಡಗಿದಳು. ತಾಯಿ ತಪ್ಪಿದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಪತ್ರಿಕೆ ಓದುವವರು ಈಗ ಶನಿವಾರ ಪತ್ರಿಕೆಯನ್ನು ಸ್ವಲ್ಪ ಕೆಳಗೆ ಹಿಡಿದು ಕೂರುತ್ತಿದ್ದರು.

ಬೆಳವಡಿಯವರಿಗೆ ಇದು ಸರಿಬರಲಿಲ್ಲ. ಒಂದು ಶನಿವಾರ ಕಾಶವ್ವನ ಅರ್ಧ ತಾಸು ಮುಗಿದರೂ ಆಡಿನ ಹೊಸ ಸಾಹಸ ಮುಗಿದಿರಲಿಲ್ಲ. ಅವರು ಎದ್ದು ಬಂದು ಕೈಗಡಿಯಾರ ತೋರಿಸಿದರು.

“ಎರಡ ನಿಮಿಷ್ರಿ ಯಜಮಾನ್ರ,” ಎಂದು ಕಾಶವ್ವ ತಿರುಗದೆಯೇ ಗೊಣಗಿದಳು.

ಅವರು ಉತ್ತರ ಕೊಡದೆ ನೇರ ನದಾಫ ಸರ್ ಕಡೆ ಹೋದರು. “ಇದೇನ್ ಗ್ರಂಥಾಲಯನೋ, ನಾಟಕದ ಥೇಟರೋ? ಒಬ್ಬರೂ ಓದಾಕತ್ತಿಲ್ಲ. ಎಲ್ಲಾರೂ ಆ ಕಡೆ ನೋಡಾಕತ್ತಾರ. ಕ್ಯಾಮೆರಾ ಹಚ್ಚಬಹುದು ಅಂತ ನಿಮ್ಮ ಬೋರ್ಡಿನ್ಯಾಗ ಎಲ್ಲೈತಿ, ತೋರಸ್ರಿ!”

ಬೋರ್ಡಿನಲ್ಲಿ ಇರಲಿಲ್ಲ. ನದಾಫ ಸರ್ ಮುಖ ಸಣ್ಣದಾಯಿತು.  ಆಮೇಲೆ ಕಾಶವ್ವನನ್ನು ಕರೆದು, “ಮ್ಯಾಲಿನವ್ರಿಗೆ ಕೇಳ್ತೇನ್ರಿ. ಅವ್ರು ಹೂಂ ಅನ್ನೂತನಕ ಬ್ಯಾಡ,” ಎಂದರು. ಅವಳು ಕೂಗಾಡುತ್ತಾಳೆಂದು ನಾನು ಕಾದೆ. ಅವಳು ನನ್ನ ಮೇಲೆ ಬಟ್ಟೆ ಹೊದಿಸಿ, ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದಳು. ಅವಳು ಸದ್ದಿಲ್ಲದೆ ಹೋದದ್ದು ಅದೇ ಮೊದಲು.

ಮುಂದಿನ ಶನಿವಾರ ಕಾಶವ್ವ ಬರಲಿಲ್ಲ. ಮೇಲಿನವರಿಂದ ಉತ್ತರವೂ ಬರಲಿಲ್ಲ. ಅದರ ಮುಂದಿನ ಶನಿವಾರ ಬೆಳವಡಿಯವರು ನನ್ನ ಮುಂದೆ ಕೂತು ಗಾಡಿಗಳನ್ನು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನನ್ನೊಳಗೆ ಮೈಸೂರಿನ ಕರೆ ಬಂತು. ಭುವನಾ ತಾನೇ ಗುಂಡಿ ಒತ್ತಿದ್ದಳು. ನನ್ನ ಸ್ಪೀಕರುಗಳು ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡವು. ಇಡೀ ಗ್ರಂಥಾಲಯ ತಿರುಗಿ ನೋಡಿತು. ಬೆಳವಡಿಯವರು ಮಾತ್ರ ಅಲುಗಲಿಲ್ಲ.

“ಬೆಳವಡಿಯವರ, ಅದನ್ನ ಬಂದ್ ಮಾಡ್ರಿ!” ಎಂದರು ನದಾಫ ಸರ್. ಅವರು ತಿರುಗಲಿಲ್ಲ.

ಗಾಡಿಗಳ ಪಟ್ಟಿಯ ಮೇಲೆ ಒಂದು ಚೌಕ ಮೂಡಿದ್ದು ಬೆಳವಡಿಯವರಿಗೆ ಕಂಡಿತು. ಗಾಬರಿಯಾಗಿ ಕೈಗೆ ಸಿಕ್ಕ ಗುಂಡಿ ಒತ್ತಿದರು. ಚೌಕ ಅರಳಿ ಭುವನಾಳ ಮುಖವಾಯಿತು.

ಅವಳಿಗೂ ಗಾಬರಿ. ತಾಯಿಯ ಜಾಗದಲ್ಲಿ ದೊಡ್ಡ ಮೀಸೆ! ಅವಳು ಹಣೆಯ ಮೇಲೆ ಬೆರಳಿಟ್ಟು, ಅಂಗೈ ಬಿಚ್ಚಿ ಕೇಳಿದಳು: ಅವ್ವ ಎಲ್ಲಿ? ಕಣ್ಣು ಕೆಂಪಾಗಿತ್ತು. ಹೋದ ವಾರವೂ ಹೀಗೇ ಕಾದು ಕೂತಿದ್ದಳೆಂದು ಯಾರೂ ಹೇಳಬೇಕಾಗಿರಲಿಲ್ಲ. ಬೆಳವಡಿಯವರು ಆ ಮುಖವನ್ನು ನೋಡಿದರು. ಅಷ್ಟು ಹತ್ತಿರದಿಂದ ನೋಡಿದ ಮೇಲೆ ಬೋರ್ಡು, ನಿಯಮ ಒಂದೂ ನೆನಪಾಗಲಿಲ್ಲವೆಂದು ಕಾಣುತ್ತದೆ.

“ಬೆಳವಡಿಯವರ! ನಿಮಗ ಕರಿಯಾಕತ್ತೇನ್ರಿ!” ನದಾಫ ಸರ್ ಅವರ ಬೆನ್ನ ಹಿಂದೆಯೇ ಬಂದು ಕೂಗಿದರು. ಅವರು ಆಗಲೂ ತಿರುಗಲಿಲ್ಲ.

ಇದನ್ನು ಭುವನಾ ಆ ಕಡೆಯಿಂದ ಕಂಡಳು. ಹಿಂದೆ ನಿಂತವರ ಬಾಯಿ ಆಡುತ್ತಿದೆ, ಮುಂದೆ ಕೂತವರಿಗೆ ಗೊತ್ತೇ ಇಲ್ಲ. ಊರಿನಲ್ಲಿ ಯಾರಿಗೂ ತಿಳಿಯದ್ದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಅಳು ಮರೆತು, ತನ್ನ ಕಿವಿ ಮುಟ್ಟಿ ಕೈಯಾಡಿಸಿದಳು. ಆಮೇಲೆ ಬೆರಳನ್ನು ಅವರ ಕಡೆ ಮಾಡಿ ಹುಬ್ಬೇರಿಸಿದಳು.

ನಿಮಗೂನಾ?

ಬೆಳವಡಿಯವರ ಮುಖ ಕೆಂಪಾಯಿತು. ಎದ್ದುಹೋಗುತ್ತಾರೆ ಎಂದುಕೊಂಡೆ. ಅವರ ಸೊಕ್ಕು ಏನೆಂದು ನನಗೆ ಆಗ ಅರ್ಥವಾಯಿತು. ಯಾರಾದರೂ ಮಾತಾಡಿಸಿಯಾರು, ತಾವು ಏನೋ ಒಂದು ತಪ್ಪು ಉತ್ತರ ಕೊಟ್ಟೇವು, ಜನ ನಕ್ಕಾರು ಎಂಬ ಹೆದರಿಕೆ. ಮಾತು ಕೂಡದು ಎಂದು ಬರೆದಿರುವ ಜಾಗ ಊರಲ್ಲಿ ಇದೊಂದೇ. ಅದಕ್ಕೇ ದಿನಾ ಇಲ್ಲಿಗೆ ಬರುತ್ತಿದ್ದರು. ಅವರು ನನ್ನ ಇನ್ನಷ್ಟು ಹತ್ತಿರ ಬಗ್ಗಿ, ಹಿಂದಿನವರಿಗೆ ಕಾಣದ ಹಾಗೆ, ಹೌದೆಂದು ತಲೆಯಾಡಿಸಿದರು.

ಭುವನಾ ನಕ್ಕಳು. ಗೇಲಿಯ ನಗೆಯಲ್ಲ, ದೂರದ ಊರಿನಲ್ಲಿ ನಮ್ಮ ಊರಿನವರು ಸಿಕ್ಕಾಗ ಮೂಡುವ ನಗೆ.

ಬೆಳವಡಿಯವರು ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ರೈಲಿಗೆ ನಿಲ್ಲು ಎನ್ನುವ ಸನ್ನೆ. ಹುಡುಗಿಯೂ ಎರಡು ಕೈ ಎತ್ತಿ ಸರಿ ಎಂದಳು. ಅವರು ನದಾಫ ಸರ್ ಕಡೆ ತಿರುಗಿ, “ಫೋನ್ ಇಡಬ್ಯಾಡ್ರಿ, ಈಗ ಬಂದೆ!” ಎಂದು ಗಟ್ಟಿಯಾಗಿ ಕೂಗಿ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಓಡಿದರು.

ಮುಂದಿನದನ್ನು ನಾನು ಕಂಡಿಲ್ಲ, ಕಾಶವ್ವ ಹೇಳಿದ್ದು. ಗಿರಣಿ ಭರ್ರೆಂದು ಓಡುತ್ತಿತ್ತಂತೆ. ಬಾಗಿಲಲ್ಲಿ ಬೆಳವಡಿಯವರು ಏದುಸಿರು ಬಿಡುತ್ತ ನಿಂತು, ಎರಡು ಜಡೆ ಎಂದು ಕೈಸನ್ನೆಯಲ್ಲಿ ತೋರಿಸಿ, ಗ್ರಂಥಾಲಯದ ಕಡೆ ಕೈ ಬೀಸಿದರಂತೆ. ಒಂದು ಮಾತೂ ಬೇಕಾಗಲಿಲ್ಲ. ಅವಳು ಪಟ್ಟಿ ಇಳಿಸಿ ಗಿರಣಿ ನಿಲ್ಲಿಸಿ, ಅರ್ಧ ಬೀಸಿದ ಜೋಳ ಅಲ್ಲೇ ಬಿಟ್ಟು ಓಡಿ ಬಂದಳು. ಕೈ ತೊಳೆಯಲಿಲ್ಲ. ನದಾಫ ಸರ್ ಕುರ್ಚಿಯನ್ನು ತಾವೇ ಎಳೆದು ಕೊಟ್ಟರು.

“ನಂದಿನ್ನೂ ಇಪ್ಪತ್ತು ನಿಮಿಷ ಐತಿ. ಅದು ಅವ್ರಿಗೆ,” ಎಂದರು ಬೆಳವಡಿಯವರು.

ತಾಯಿ ಮಗಳು ಎಷ್ಟು ಮಾತಾಡಿದರೆಂದರೆ ನನ್ನ ಪರದೆಯ ಮೇಲೆಲ್ಲ ಹಿಟ್ಟಿನ ಬೆರಳುಗಳು ಮೂಡಿದವು. ಮಧ್ಯದಲ್ಲಿ ಭುವನಾ ಏನೋ ಹೇಳಿದಳು. ಕಾಶವ್ವ ಹಿಂದೆ ತಿರುಗಿ, ಎಂದಿನ ಗಿರಣಿಯ ದನಿಯಲ್ಲಿ, “ಯಜಮಾನ್ರ, ಶನಿವಾರಕ್ಕೊಮ್ಮೆ ನೀವೂ ಬರ್ರಿ, ನಾ ಕೈಮಾತು ಕಲಸ್ತೇನಿ ಅನ್ನಾಕತ್ತಾಳ್ರಿ!” ಎಂದಳು. ಈ ಸಲ ಬೆಳವಡಿಯವರಿಗೆ ಪೂರ್ತಿ ಕೇಳಿಸಿತು. ಊರಿನಲ್ಲಿ ಅವರಿಗೆ ಸ್ಪಷ್ಟವಾಗಿ ಕೇಳಿಸುವ ದನಿ ಅದೊಂದೇ ಇತ್ತೆಂದು ಆಮೇಲೆ ಅವರೇ ಹೇಳುತ್ತಿದ್ದರು.

ಮೇಲಿನವರ ಉತ್ತರಕ್ಕೆ ನದಾಫ ಸರ್ ಮತ್ತೆ ಕಾಯಲಿಲ್ಲ. ಸೋಮವಾರ ಪೇಂಟರನ್ನು ಕರೆಸಿ ಬೋರ್ಡಿನ ಕೆಳಗೆ ಒಂದು ಸಾಲು ಸೇರಿಸಿದರು: ‘ಕೈಮಾತಿಗೆ ಅಡ್ಡಿಯಿಲ್ಲ.’ ಬಣ್ಣ ಒಣಗುವವರೆಗೂ ಅದರ ಮುಂದೆ ನಿಂತಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಮಜಾ. ಬೆಳವಡಿಯವರು ಶನಿವಾರ ಕಾಶವ್ವನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ರೈಲಿನ ಸನ್ನೆ ಮರೆಯದೆ ಕೈಮಾತು ಕಲಿತದ್ದರಿಂದ ಅವರ ಒಂದೊಂದು ಮಾತೂ ಒಂದು ಫರ್ಲಾಂಗ್ ದೂರಕ್ಕೆ ಕಾಣುತ್ತಿತ್ತು. ‘ಅನ್ನ’ ಎನ್ನಲು ಹೋಗಿ ಒಮ್ಮೆ ಪಕ್ಕದವರ ಕನ್ನಡಕ ಹಾರಿಸಿದರು. ನೋಡುತ್ತ ಕೂತಿದ್ದವರೂ ಮೆಲ್ಲಗೆ ಕಲಿತರು. ಆ ಪತ್ರಿಕೆ ಆಯಿತಾ, ನಡುವಿನ ಹಾಳೆ ಕೊಡಿ, ಚಹಾಕ್ಕೆ ಹೋಗೋಣವಾ, ಎಲ್ಲ ಕೈಯಲ್ಲೇ. ನದಾಫ ಸರ್ ಶ್ ಎನ್ನುವುದನ್ನೇ ಬಿಟ್ಟರು. ತಡ ಮಾಡಿ ಪುಸ್ತಕ ತಂದವರಿಗೆ ದೂರದಿಂದಲೇ ಹದಿನೈದು ಎಂದು ಬೆರಳು ತೋರಿಸುತ್ತಿದ್ದರು. ಜನ ಎಷ್ಟು ಹರಟುತ್ತಿದ್ದರೆಂದರೆ, ಆ ಗ್ರಂಥಾಲಯದಲ್ಲಿ ಅಷ್ಟು ಮಾತು ಹಿಂದೆಂದೂ ನಡೆದಿರಲಿಲ್ಲ. ಒಂದು ನಿಯಮವೂ ಮುರಿಯಲಿಲ್ಲ.

ಕಾಶವ್ವ ಸದಸ್ಯಳಾದಳು. ಚಿತ್ರದ ಪುಸ್ತಕಗಳನ್ನು ಪಡೆದು, ಪುಟಪುಟವಾಗಿ ನನ್ನ ಕ್ಯಾಮೆರಾಕ್ಕೆ ಹಿಡಿಯುತ್ತಿದ್ದಳು. ಮೈಸೂರಿನಲ್ಲಿ ಭುವನಾ ಓದುತ್ತಿದ್ದಳು. ಕಾಶವ್ವ ಹಿಂತಿರುಗಿಸಿದ ಪುಸ್ತಕ ಬಿಚ್ಚಿದರೆ ಹಿಟ್ಟು ಉದುರುತ್ತಿತ್ತು. ನದಾಫ ಸರ್ ಕಿಟಕಿಯ ಹೊರಗೆ ಕೊಡವಿ, ಸೀನಿ, ಒಳಗಿಡುತ್ತಿದ್ದರು. ಬೆಳವಡಿಯವರು ಕಿವಿಗೆ ಮಿಷನ್ನು ಹಾಕಿಸಿಕೊಂಡರು, ಕೇಳಿದವರಿಗೆಲ್ಲ ತೆಗೆದು ತೋರಿಸಿದರು. ಗ್ರಂಥಾಲಯಕ್ಕೆ ಬಂದ ಕೂಡಲೇ ಜೇಬಿಗೆ ಹಾಕಿಕೊಳ್ಳುತ್ತಿದ್ದರು. “ಇಲ್ಲಿ ಇದರ ಕೆಲಸ ಇಲ್ಲ,” ಎನ್ನುತ್ತಿದ್ದರು.

ಬೇಸಿಗೆ ರಜೆಗೆ ಭುವನಾ ಬಂದಳು. ನೇರ ನನ್ನ ಹತ್ತಿರ ಬಂದು, ಇಷ್ಟು ದಿನ ತನ್ನ ಅವ್ವ ಇದರಲ್ಲಿ ಎಲ್ಲಿಂದ ಬರುತ್ತಿದ್ದಳು ಎಂಬಂತೆ ನನ್ನ ಬೆನ್ನ ಹಿಂದೆಲ್ಲ ಬಗ್ಗಿ ನೋಡಿದಳು. ಆಮೇಲೆ ಬೆಳವಡಿಯವರ ಎದುರು ಕೂತಳು. ಇಬ್ಬರೂ ಕತ್ತಲಾಗುವವರೆಗೆ ಮಾತಾಡಿದರು. ಅದರ ಮುಂದಿನ ಪ್ರತಿ ರಜೆಯಲ್ಲೂ ಊರಿನ ಮಕ್ಕಳನ್ನು ಗ್ರಂಥಾಲಯದ ಕಟ್ಟೆಯ ಮೇಲೆ ಕೂರಿಸಿಕೊಂಡು ಕೈಮಾತು ಕಲಿಸಿದಳು. ಓದು ಮುಗಿಸಿದ ಮೇಲೆ, ಊಟ ಬಿಟ್ಟು ಗೇಟಿನ ಮುಂದೆ ಕೂತಿದ್ದ ಅದೇ ಶಾಲೆಯಲ್ಲಿ ಚಿಕ್ಕವರಿಗೆ ಟೀಚರಾದಳು. ಆ ಸುದ್ದಿ ಬಂದ ದಿನ ಕಾಶವ್ವ ಅದನ್ನು ಬಾಗಿಲಲ್ಲಿ ನಿಂತೇ ಕೂಗಿ ಹೇಳಿದಳು. ನದಾಫ ಸರ್ ಬೋರ್ಡಿನ ಕಡೆ ನೋಡಲೂ ಇಲ್ಲ.

ನನಗೆ ವಯಸ್ಸಾಯಿತು. ಮೊದಲು ಫ್ಯಾನು ಹೋಯಿತು, ಆಮೇಲೆ ಅರ್ಧ ನೆನಪು, ಕೊನೆಗೆ ಕ್ಯಾಮೆರಾದ ಕಣ್ಣು ಮಂಜಾಯಿತು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮುಖ ಕಾಣುವ ಫೋನು ಬಂತು, ಕಾಶವ್ವನ ಕೈಯಲ್ಲೂ. ನದಾಫ ಸರ್ ನಿವೃತ್ತರಾದರು. ಈಗ ಹೆಂಡತಿಯೊಂದಿಗೆ ಬಂದು ತಾವೂ ಎರಡು ಪುಸ್ತಕ ಪಡೆದು ಹೋಗುತ್ತಾರೆ. ಬೆಳವಡಿಯವರು ಹೋದ ಚಳಿಗಾಲ ತೀರಿಕೊಂಡರು. ಮಾರನೆಯ ದಿನ ಪತ್ರಿಕೆಗಳ ಮೇಜಿನಲ್ಲಿ ಯಾರ ಕೈಯೂ ಅಲುಗಲಿಲ್ಲ. ಗ್ರಂಥಾಲಯದಲ್ಲಿ ನಿಶ್ಶಬ್ದ ಎಂದರೆ ಏನೆಂದು ನಾನು ತಿಳಿದದ್ದು ಆ ಒಂದು ದಿನ.

ಹೊಸ ಗ್ರಂಥಪಾಲಕಿ ನನ್ನನ್ನು ಗುಜರಿಗೆ ಕಳಿಸಲಿಲ್ಲ. ಮಕ್ಕಳ ವಿಭಾಗದ ಮೂಲೆಯಲ್ಲಿ ಇಟ್ಟಿದ್ದಾಳೆ. ಕರೆಂಟಿನ ಸಂಬಂಧ ಇಲ್ಲ, ಆದರೂ ನನ್ನ ಕೀಲಿಗಳ ಮೇಲೆ ಪುಟ್ಟ ಬೆರಳುಗಳು ಕುಣಿಯುತ್ತವೆ. ನಿನ್ನೆ ಇಬ್ಬರು ಚಿಕ್ಕ ಮಕ್ಕಳು ಒಂದೇ ಹುಲಿಯ ಪುಸ್ತಕಕ್ಕಾಗಿ ಜಗಳಕ್ಕೆ ನಿಂತರು. ಕೇಳುವ ಕಿವಿ, ಆಡುವ ಬಾಯಿ ಇಬ್ಬರಿಗೂ ಗಟ್ಟಿಯಾಗಿವೆ. ಆದರೆ ಇಬ್ಬರೂ ತುಟಿ ಪಿಟಕ್ಕೆನ್ನದೆ, ಕೈ ಬೀಸಿ ಬೀಸಿ, ಒಬ್ಬರ ಪೂರ್ವಜರನ್ನೆಲ್ಲ ಇನ್ನೊಬ್ಬರು ಕೈಯಲ್ಲೇ ಬೈದರು. ಗ್ರಂಥಾಲಯದಲ್ಲಿ ಹೀಗೇ ಮಾತಾಡಬೇಕು, ಎಲ್ಲ ಊರಿನ ಗ್ರಂಥಾಲಯಗಳಲ್ಲೂ ಹೀಗೇ ಎಂದು ಅವರು ತಿಳಿದಿದ್ದಾರೆ. ಭುವನಾ ಯಾರು, ಬೆಳವಡಿ ಯಾರು, ಅವರಿಗೆ ಗೊತ್ತಿಲ್ಲ. ಕೊನೆಗೆ ರಾಜಿಯಾಗಿ, ಪುಸ್ತಕವನ್ನು ನನ್ನ ಹೊಟ್ಟೆಗೆ ಒರಗಿಸಿ, ಒಬ್ಬರ ಹೆಗಲಿಗೆ ಒಬ್ಬರು ತಲೆ ಕೊಟ್ಟು ಹುಲಿ ನೋಡಿದರು. ನನ್ನ ಪರದೆ ಆರಿ ವರ್ಷಗಳಾದವು. ಆದರೂ ಆ ಕಪ್ಪು ಗಾಜಿನಲ್ಲಿ ಎರಡು ಮುಖಗಳು ಸ್ಪಷ್ಟವಾಗಿ ಮೂಡಿದ್ದವು. ತಿದ್ದುವಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ.